ಫೀಡ್‌ನೊಳಗೆ ಯಾವ ಮಾಹಿತಿಗೆ ಜಾಗ ಕೊಡಬೇಕು?

ಬೆಸ್ಕಾಂನ ವಿದ್ಯುತ್ ನಿಲುಗಡೆ ಪ್ರಕಟಣೆಯಲ್ಲಿ ಜನರಿಗೆ ಬೇಕಾದದ್ದು ನಾಲ್ಕೈದು ಸಂಗತಿ: ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾವ ಉಪಕೇಂದ್ರ, ಯಾವ ಯಾವ ಬಡಾವಣೆ. ಇಂಥ ಪ್ರಕಟಣೆಗಳನ್ನೆಲ್ಲ ಸೇರಿಸಿ ಯಾರೋ ಒಬ್ಬರು ವೆಬ್ ಫೀಡ್ ಮಾಡಲು ಹೊರಟರು ಎಂದುಕೊಳ್ಳಿ. (ಬೆಂಗಳೂರಿನಲ್ಲಿ ಫೀಡರ್ ಎಂದರೆ 11 ಕೆ.ವಿ. ಲೈನ್, ಇಲ್ಲವೇ ಮೆಟ್ರೊ ಸ್ಟೇಷನ್‌ಗೆ ಬಿಡುವ ಬಸ್ಸು. ಇಲ್ಲಿ ಹೇಳುತ್ತಿರುವುದು ಮೂರನೆಯದು: ಸೈಟಿನ ಹೊಸ ಬರಹಗಳ ಪಟ್ಟಿಯನ್ನು ರೀಡರ್ ಎಂಬ ಓದುವ ಪ್ರೋಗ್ರಾಂಗಳಿಗೆ ಒದಗಿಸುವ ಕಡತ.) ಫೀಡ್ ಬರೆಯುವ ಫಾರ್ಮ್ಯಾಟ್‌ಗಳಲ್ಲಿ ಒಂದಾದ ಆರ್‌ಎಸ್‌ಎಸ್ 2.0ರಲ್ಲಿ ಶೀರ್ಷಿಕೆಗೆ ಜಾಗವಿದೆ, ಕೊಂಡಿಗೆ ಇದೆ, ಪ್ರಕಟವಾದ ಹೊತ್ತಿಗೂ ಇದೆ. ಕರೆಂಟ್ ಹೋಗುವ ಹೊತ್ತಿಗೆ ಮಾತ್ರ ಇಲ್ಲ.

ಪ್ರಕಟಣೆ ಹೊರಬಿದ್ದದ್ದು ಸೋಮವಾರ ಸಂಜೆ. ಕರೆಂಟ್ ಹೋಗುವುದು ಬುಧವಾರ ಬೆಳಿಗ್ಗೆ ಹತ್ತಕ್ಕೆ. ಹೇಗೂ ತಾರೀಖಿಗೆ ಇರುವುದು ಒಂದೇ ಜಾಗ, ಪ್ರಕಟವಾದ ಹೊತ್ತು ಹೇಳುವ ಪಬ್‌ಡೇಟ್‌ನಲ್ಲಿ ಬುಧವಾರ ಹತ್ತು ಗಂಟೆ ಎಂದೇ ಬರೆದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಆರ್‌ಎಸ್‌ಎಸ್ 2.0ರ ನಿಯಮಾವಳಿ ಹೇಳುವುದೇ ಬೇರೆ: ಪಬ್‌ಡೇಟ್ ಮುಂದಿನ ದಿನಾಂಕವಾಗಿದ್ದರೆ, ಆ ಹೊತ್ತು ಬರುವವರೆಗೆ ಓದುವ ಪ್ರೋಗ್ರಾಂ ಅದನ್ನು ತೋರಿಸದೇ ಇರಬಹುದು. ಅಂದರೆ ಕರೆಂಟ್ ಹೋಗುತ್ತದೆ ಎಂಬ ಸುದ್ದಿ ಕರೆಂಟ್ ಹೋದ ಮೇಲೆ ಫೋನಿಗೆ ಬರುತ್ತದೆ.

ಹಾಗಾದರೆ ‘ಘಟನೆ ಆರಂಭವಾಗುವ ಸಮಯ’ ಎಂದು ಒಂದು ಹೊಸ ಎಲಿಮೆಂಟನ್ನು (ಫೀಡ್‌ನಲ್ಲಿ ಒಂದು ಮಾಹಿತಿಗೆ ಇರುವ ಹೆಸರಿಟ್ಟ ಜಾಗ) ಫಾರ್ಮ್ಯಾಟಿನ ಮೂಲಕ್ಕೇ ಸೇರಿಸಬೇಕೇ? ಉತ್ತರ ಹೇಳುವ ಮೊದಲು, ಈಗಾಗಲೇ ಒಳಗೆ ಇರುವವುಗಳು ಹೇಗೆ ಬಾಳಿವೆ ಎಂದು ನೋಡಬೇಕು. ಕಾಲು ಶತಮಾನದ ಅನುಭವ ಎದುರಿಗಿದೆ. ನೆಟ್‌ಸ್ಕೇಪ್ 1999ರ ಮಾರ್ಚ್‌ನಲ್ಲಿ ಆರ್‌ಎಸ್‌ಎಸ್ 0.90 ತಂದಿತು (ಅದರ ಹಿಂದಿದ್ದವರಲ್ಲಿ ಒಬ್ಬರು ಐಐಟಿ ಮದ್ರಾಸ್‌ನಲ್ಲಿ ಓದಿದ ಆರ್.ವಿ. ಗುಹಾ). 2000ದ ಡಿಸೆಂಬರ್‌ನಲ್ಲಿ 1.0 ಮತ್ತು 0.92 ಎಂಬ ಎರಡು ಕವಲು, 2002ರ ಸೆಪ್ಟೆಂಬರ್‌ನಲ್ಲಿ 2.0, 2005ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ (ಇಂಟರ್ನೆಟ್ಟಿನ ನಿಯಮ ಬರೆದಿಡುವ ದಾಖಲೆ) 4287 ಆಗಿ ಆಟಮ್ ಎಂಬ ಬೇರೆ ಫಾರ್ಮ್ಯಾಟ್, 2017ರ ಮೇ ತಿಂಗಳಲ್ಲಿ ಜೇಸನ್ ಫೀಡ್ ಎಂಬ ಇನ್ನೊಂದು, ಅದರ 1.1ನೇ ಆವೃತ್ತಿ 2020ರ ಆಗಸ್ಟ್‌ನಲ್ಲಿ. ಇದರಲ್ಲಿ ಆರ್‌ಎಸ್‌ಎಸ್ 2.0 ತನ್ನನ್ನು ತಾನೇ ಬೀಗ ಹಾಕಿಕೊಂಡಿದೆ: ಮೂಲ ಎಲಿಮೆಂಟ್‌ಗಳು ಇಷ್ಟೇ, ಹೊಸತೇನಿದ್ದರೂ ನೇಮ್‌ಸ್ಪೇಸ್‌ನಲ್ಲಿ (ಬೇರೆಯವರ ಎಲಿಮೆಂಟ್‌ಗಳನ್ನು ಅವರದೇ ಗುರುತಿನೊಂದಿಗೆ ತರುವ ವ್ಯವಸ್ಥೆ) ಹೊರಗಿನಿಂದ ಜೋಡಿಸಿಕೊಳ್ಳಿ ಎಂದು. ಒಳಗೆ ಬಂದದ್ದು ಮತ್ತೆ ಹೊರಗೆ ಹೋಗುವುದಿಲ್ಲ. ಹಾಗಾಗಿ ಬಾಗಿಲಲ್ಲೇ ವಿಚಾರಿಸುವುದು ಒಳ್ಳೆಯದು.

ವಿಚಾರಿಸಬೇಕಾದದ್ದು ಮೂರು. ಇದನ್ನು ತುಂಬುವವರು ಯಾರು? ಓದಿ ಏನಾದರೂ ಬೇರೆ ಕೆಲಸ ಮಾಡುವ ಪ್ರೋಗ್ರಾಂ ಯಾವುದು? ತುಂಬಿದ್ದು ಸುಳ್ಳಾದರೆ ಕೆಡುವುದೇನು? ‘ಇದು ಉಪಯುಕ್ತ ಮಾಹಿತಿಯೇ’ ಎಂಬ ಪ್ರಶ್ನೆಯನ್ನು ಬೇಕೆಂದೇ ಬಿಟ್ಟಿದ್ದೇವೆ. ಆ ಪ್ರಶ್ನೆಗೆ ಎಲ್ಲ ಮಾಹಿತಿಯೂ ಹೌದು ಎನ್ನುತ್ತದೆ.

ಗುರುತು ಮತ್ತು ಹೊತ್ತು

ಮೂರೂ ಪ್ರಶ್ನೆಯಲ್ಲಿ ಸಲೀಸಾಗಿ ಪಾಸಾಗುವುದು ಐಡಿ, ಅಂದರೆ ಫೀಡ್‌ನ ಒಂದೊಂದು ನಮೂದಿಗೂ ಇರುವ ಬೇರೆ ಬೇರೆ ಗುರುತು. ಪ್ರಕಟಿಸುವ ಸಾಫ್ಟ್‌ವೇರ್ ತಾನಾಗಿ ತುಂಬುತ್ತದೆ, ಯಾರೂ ಟೈಪ್ ಮಾಡಬೇಕಿಲ್ಲ. ಓದುವ ಪ್ರೋಗ್ರಾಂ ಪ್ರತಿ ಸಲ ಫೀಡ್ ತಂದಾಗಲೂ ‘ಇದನ್ನು ಮೊದಲೇ ನೋಡಿದ್ದೇನೆಯೇ’ ಎಂದು ತೀರ್ಮಾನಿಸುವುದು ಇದರಿಂದಲೇ. ತಪ್ಪಾದರೆ ಹಳೆಯ ಇಪ್ಪತ್ತು ಲೇಖನಗಳೂ ಒಂದು ಬೆಳಿಗ್ಗೆ ಹೊಸದಾಗಿ ಬಂದು ಕೂರುತ್ತವೆ. ಆಟಮ್ ಮತ್ತು ಜೇಸನ್ ಫೀಡ್ ಎರಡೂ ಇದನ್ನು ಕಡ್ಡಾಯ ಮಾಡಿದ್ದು ಸರಿ. ಆರ್‌ಎಸ್‌ಎಸ್ 2.0 ಐಚ್ಛಿಕವಾಗಿ ಬಿಟ್ಟದ್ದು ಅದರ ದೊಡ್ಡ ತಪ್ಪು ಎಂದೇ ನಮ್ಮ ಅಭಿಪ್ರಾಯ.

ಆರ್‌ಎಸ್‌ಎಸ್‌ನಲ್ಲಿ ಐಡಿ ಇಡುವ ಗೈಡ್ ಎಲಿಮೆಂಟ್‌ಗೆ ಇನ್ನೊಂದು ಕೊಂಕಿದೆ. ಏನೂ ಹೇಳದಿದ್ದರೆ ಅದೊಂದು ಶಾಶ್ವತ ಕೊಂಡಿ ಎಂದೇ ಅರ್ಥ. ಹಾಗಾಗಿ ಬಹಳ ಸೈಟುಗಳು ಲೇಖನದ ಯುಆರ್‌ಎಲ್ಲನ್ನೇ ಅಲ್ಲಿ ಹಾಕುತ್ತವೆ. ಸೈಟು ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಹೋದ ದಿನ ಎಲ್ಲ ಐಡಿಗಳೂ ಬದಲು. ಕನ್ನಡ ಸೈಟುಗಳಿಗೆ ತೊಂದರೆ ಇನ್ನೂ ಒಂದು ಕೈ ಹೆಚ್ಚು. ಶೀರ್ಷಿಕೆಯಿಂದ ಯುಆರ್‌ಎಲ್ ಮಾಡುವಾಗ ಕನ್ನಡದ ಒಂದೊಂದು ಸಂಕೇತವೂ (ಅಕ್ಷರಕ್ಕೋ ಚಿಹ್ನೆಗೋ ಯೂನಿಕೋಡ್ ಕೊಟ್ಟ ಕೋಡ್) ಶೇಕಡಾ ಗುರುತು ಸೇರಿ ಒಂಬತ್ತು ಅಕ್ಷರವಾಗಿ ಹಿಗ್ಗುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಈ ಭಾಗಕ್ಕೆ ಇರುವ ಮಿತಿ 200 ಅಕ್ಷರ. ಅಂದರೆ ಕನ್ನಡದ 22 ಸಂಕೇತಗಳಿಗೆ ಶೀರ್ಷಿಕೆ ಕತ್ತರಿಸಿ ಹೋಗುತ್ತದೆ, ಒಂದೇ ರೀತಿ ಶುರುವಾಗುವ ಎರಡು ಸುದ್ದಿಗಳಿಗೆ ಕೊನೆಯಲ್ಲಿ 2 ಎಂದು ಬಾಲ ಸೇರಿಸಬೇಕಾಗುತ್ತದೆ. ಶೀರ್ಷಿಕೆ ತಿದ್ದಿದಾಗ ಯುಆರ್‌ಎಲ್ಲನ್ನೂ ಬದಲಿಸಿದರೆ ಐಡಿಯೂ ಹೋಯಿತು. ಸಾಲದ್ದಕ್ಕೆ, ‘ೀ’ ಎಂಬ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆಟಮ್ ಐಡಿಗಳನ್ನು ಹೋಲಿಸುವುದು ಅಕ್ಷರಕ್ಕೆ ಅಕ್ಷರ ಇಟ್ಟು, ಆದ್ದರಿಂದ ಪ್ರೋಗ್ರಾಂಗೆ ಅವೆರಡೂ ಬೇರೆ ಬೇರೆ.

ಪರಿಹಾರ ಸುಲಭ. ಡೇಟಾಬೇಸ್‌ನ ಕ್ರಮಸಂಖ್ಯೆಯಿಂದ ಐಡಿ ಮಾಡಿ, ಗೈಡ್‌ಗೆ ‘ಶಾಶ್ವತ ಕೊಂಡಿ ಅಲ್ಲ’ ಎಂದು ಗುರುತು ಹಾಕಿ, ಒಮ್ಮೆ ಹಾಕಿದ ಮೇಲೆ ಮುಟ್ಟಬೇಡಿ. ವರ್ಡ್‌ಪ್ರೆಸ್ ತಾನಾಗಿ ಮಾಡುವುದು ಇದನ್ನೇ. ಕೆಡುವುದು ‘ಚೆಂದ ಕಾಣಲಿ’ ಎಂದು ಯಾರಾದರೂ ಕೈ ಹಾಕಿದಾಗ.

ಇನ್ನು ಹೊತ್ತು. ಆರ್‌ಎಸ್‌ಎಸ್ ಬಳಸುವುದು ಆರ್‌ಎಫ್‌ಸಿ 822ರ ಇಮೇಲ್ ಶೈಲಿಯ ದಿನಾಂಕ. ವಾರ ಮತ್ತು ತಿಂಗಳನ್ನು ಇಂಗ್ಲಿಷಿನ ಮೂರಕ್ಷರದ ಹೆಸರಲ್ಲೇ ಬರೆಯಬೇಕು. ಸೈಟಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದಾಗ ಟೆಂಪ್ಲೇಟ್‌ನ ದಿನಾಂಕ ಫಂಕ್ಷನ್ನೂ ಕನ್ನಡಕ್ಕೆ ತಿರುಗಿ, ಫೀಡ್‌ನಲ್ಲಿ ‘ಸೋಮ, 03 ಮಾರ್ಚ್ 2025’ ಎಂದು ಬಂದುಬಿಡುತ್ತದೆ. ಫೀಡನ್ನು ಬಿಡಿಸಿ ಓದುವ ಪಾರ್ಸರ್‌ಗೆ ಅದು ದಿನಾಂಕವೇ ಅಲ್ಲ. ಕೆಲವು ರೀಡರ್‌ಗಳು ಆಗ ತಾವು ಫೀಡ್ ತಂದ ಹೊತ್ತನ್ನೇ ಹಾಕಿಕೊಳ್ಳುತ್ತವೆ, ಕೆಲವು 1970ನೇ ಇಸವಿಗೆ ಹೋಗಿ ನಿಲ್ಲುತ್ತವೆ. ಇನ್ನೊಂದು ಸಾಮಾನ್ಯ ತಪ್ಪು, ಕೊನೆಗೆ ‘ಐಎಸ್‌ಟಿ’ ಎಂದು ಬರೆಯುವುದು. ಆರ್‌ಎಫ್‌ಸಿ 822 ಹೆಸರಿಸುವ ಕಾಲವಲಯಗಳಲ್ಲಿ ಯುಟಿ, ಜಿಎಂಟಿ, ಅಮೆರಿಕದ ಕೆಲವು ಬಿಟ್ಟರೆ ಉಳಿದದ್ದು ಸೇನೆಯ ಒಂದಕ್ಷರದ ಗುರುತುಗಳು ಮಾತ್ರ. ಭಾರತದ್ದು ಅಲ್ಲಿಲ್ಲ. ಇಸ್ರೇಲ್ ಮತ್ತು ಐರ್ಲೆಂಡಿನವರೂ ಇದೇ ಮೂರಕ್ಷರ ಬಳಸುತ್ತಾರೆ. ಗೊತ್ತಿಲ್ಲದ ವಲಯವನ್ನು ಪಾರ್ಸರ್ ಜಿಎಂಟಿ ಎಂದು ಹಿಡಿದರೆ ಬೆಳಿಗ್ಗೆ 10.30ರ ಸುದ್ದಿ ಸಂಜೆ 4ರದ್ದಾಗುತ್ತದೆ. ಐದೂವರೆ ಗಂಟೆ ಕಾಲ ಅದು ಭವಿಷ್ಯದ ಸುದ್ದಿ. ಮೇಲೆ ಹೇಳಿದ ನಿಯಮದಂತೆ ಮರೆಯಾಗಿಯೂ ಇರಬಹುದು. ಬರೆಯಬೇಕಾದದ್ದು +0530 ಎಂಬ ಅಂಕಿ.

ಆಟಮ್ ಇದನ್ನು ಎರಡು ಕಡೆ ಸುಧಾರಿಸಿತು. ದಿನಾಂಕ ಬರೀ ಅಂಕಿಗಳಲ್ಲಿ, ಆರ್‌ಎಫ್‌ಸಿ 3339ರ ಪ್ರಕಾರ. ಜತೆಗೆ ‘ಪ್ರಕಟವಾದದ್ದು’ ಮತ್ತು ‘ತಿದ್ದಿದ್ದು’ ಎರಡನ್ನೂ ಬೇರೆ ಮಾಡಿ, ತಿದ್ದಿದ್ದನ್ನು ಮಾತ್ರ ಕಡ್ಡಾಯ ಮಾಡಿತು. ಈ ಎರಡನೆಯ ತೀರ್ಮಾನ ಕಾಗದದ ಮೇಲೆ ಸರಿ, ಆಚರಣೆಯಲ್ಲಿ ಮೂರನೇ ಪ್ರಶ್ನೆಗೆ ಸೋಲುತ್ತದೆ. ‘ಗಮನಾರ್ಹ ಬದಲಾವಣೆ’ ಆದಾಗ ಮಾತ್ರ ತಿದ್ದಿದ ಹೊತ್ತು ಬದಲಾಗಬೇಕು ಎನ್ನುತ್ತದೆ ನಿಯಮ. ಒಂದು ಒತ್ತಕ್ಷರ ಸರಿಪಡಿಸಿದ್ದು ಗಮನಾರ್ಹವೇ ಎಂದು ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ, ಉಪಸಂಪಾದಕರಿಗೆ ಅದನ್ನು ಟಿಕ್ ಮಾಡುವಷ್ಟು ಪುರುಸೊತ್ತಿಲ್ಲ. ಸೈಟನ್ನು ಮರುನಿರ್ಮಿಸಿದಾಗಲೆಲ್ಲ ಎಲ್ಲ ನಮೂದುಗಳಿಗೂ ಆ ಕ್ಷಣದ ಹೊತ್ತನ್ನೇ ಒತ್ತುವ, ಸೈಟು ತಯಾರಿಸುವ ಪ್ರೋಗ್ರಾಂಗಳಂತೂ ಇಡೀ ಫೀಡನ್ನು ತಲೆಕೆಳಗು ಮಾಡುತ್ತವೆ.

ಭಾಷೆಗೆ ಬೇಕಾದ ಜಾಗ

ಜೇಸನ್ ಫೀಡ್‌ನ ಮೊದಲ ಆವೃತ್ತಿಯಲ್ಲಿ ಭಾಷೆ ಹೇಳುವ ಜಾಗವೇ ಇರಲಿಲ್ಲ, 2020ರಲ್ಲಿ ಸೇರಿತು. ಒಂದೇ ಭಾಷೆಯಲ್ಲಿ ಬದುಕುವವರಿಗೆ ಇದು ಅಲಂಕಾರದಂತೆ ಕಾಣುತ್ತದೆ. ಕನ್ನಡದ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಇದೇ ಸ್ವಿಚ್: ಯಾವ ಧ್ವನಿಗೆ ಹೋಗಬೇಕು ಎಂದು ತೀರ್ಮಾನಿಸುವುದು ಈ ಕೋಡ್ ನೋಡಿ. ಲಿಪಿ ನೋಡಿ ಊಹಿಸಬಹುದಲ್ಲ ಎನ್ನಬಹುದು. ಕನ್ನಡ ಲಿಪಿಯಲ್ಲೇ ಬರೆದ ತುಳು, ಕೊಡವ, ಕೊಂಕಣಿ ಬಂದಾಗ ಆ ಊಹೆ ಕೈಕೊಡುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡಕ್ಕೂ ಅದೇ ಗತಿ.

ಇಲ್ಲಿ ಬೆಂಗಳೂರಿನವರಿಗೇ ಒಂದು ಹಳ್ಳವಿದೆ. ಗಾಡಿಯ ನಂಬರ್ ಪ್ಲೇಟ್ ನೋಡಿ ರೂಢಿಯಾದ ಕೈ, ಕನ್ನಡಕ್ಕೆ ‘ಕೆಎ’ ಎಂದು ಬರೆದುಬಿಡುತ್ತದೆ. ಭಾಷಾ ಕೋಡ್‌ಗಳ ಪಟ್ಟಿಯಲ್ಲಿ ‘ಕೆಎ’ ಎಂದರೆ ಜಾರ್ಜಿಯನ್. ಕನ್ನಡಕ್ಕಿರುವುದು ‘ಕೆಎನ್’. ಪಾರ್ಸರ್ ತಪ್ಪೆಂದು ಹೇಳುವುದಿಲ್ಲ, ಏಕೆಂದರೆ ಎರಡೂ ಸರಿಯಾದ ಕೋಡ್‌ಗಳೇ.

ಆರ್‌ಎಸ್‌ಎಸ್‌ನಲ್ಲಿ ಭಾಷೆ ಇಡೀ ಚಾನೆಲ್‌ಗೆ, ಅಂದರೆ ಇಡೀ ಫೀಡ್‌ಗೆ, ಒಂದೇ. ನಮ್ಮ ಊರಿನ ಸೈಟುಗಳಲ್ಲಿ ಒಂದು ನಮೂದು ಕನ್ನಡ, ಮುಂದಿನದು ಇಂಗ್ಲಿಷ್, ನಡುವೆ ಹಿಂದಿಯ ಒಂದು ಜಾಹೀರಾತು ಇರುವುದು ಮಾಮೂಲು. ಭಾಷೆ ನಮೂದಿನ ಮಟ್ಟಕ್ಕೆ ಇಳಿಯಲೇಬೇಕು. ಆಟಮ್‌ನಲ್ಲಿ ಎಕ್ಸ್‌ಎಂಎಲ್‌ನ (ಆಟಮ್, ಆರ್‌ಎಸ್‌ಎಸ್ ಎರಡನ್ನೂ ಬರೆಯುವ ಟ್ಯಾಗ್ ಭಾಷೆ) ಭಾಷಾ ಗುಣವನ್ನು ಯಾವ ಎಲಿಮೆಂಟ್‌ಗೆ ಬೇಕಾದರೂ ಹಾಕಬಹುದು, ಜೇಸನ್ ಫೀಡ್ 1.1ರಲ್ಲೂ ನಮೂದಿಗೆ ಬೇರೆ ಭಾಷೆ ಹೇಳಬಹುದು. ಆರ್‌ಎಸ್‌ಎಸ್‌ನಲ್ಲಿ ಡಬ್ಲಿನ್ ಕೋರ್ ಎಂಬ ಹೊರಗಿನ ಎಲಿಮೆಂಟ್ ಗುಂಪಿನ ಭಾಷಾ ಎಲಿಮೆಂಟನ್ನು ನೇಮ್‌ಸ್ಪೇಸ್ ಮೂಲಕ ತರಬೇಕು.

ಭಾಷೆಯ ಮಾತು ಬಂದಾಗ ಪಠ್ಯದ ಉದ್ದವೂ ಬರುತ್ತದೆ. ಆರ್‌ಎಸ್‌ಎಸ್ 0.91 ಶೀರ್ಷಿಕೆಗೆ 100 ಅಕ್ಷರದ ಮಿತಿ ಇಟ್ಟಿತ್ತು. ಅಂಥ ಮಿತಿಗಳನ್ನು ಎಷ್ಟೋ ಕೋಡ್‌ಗಳು ಬೈಟ್ ಲೆಕ್ಕದಲ್ಲಿ ಜಾರಿ ಮಾಡುತ್ತವೆ. ಯೂನಿಕೋಡನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್. ‘ಕನ್ನಡ’ ಎಂಬ ಪದದಲ್ಲಿ ಕಣ್ಣಿಗೆ ಮೂರು ಅಕ್ಷರ, ಒಳಗೆ ಐದು ಸಂಕೇತ, ಹದಿನೈದು ಬೈಟ್. ಬರೀ ಕನ್ನಡವಿರುವ ಸಾಲನ್ನು ನೂರನೇ ಬೈಟ್‌ಗೆ ಕತ್ತರಿಸಿದರೆ 33 ಸಂಕೇತಗಳು ಪೂರ್ತಿ, ಮೂವತ್ನಾಲ್ಕನೆಯದರ ಒಂದು ಚೂರು ಉಳಿಯುತ್ತದೆ. ಆ ಚೂರು ಸಾಕು, ಎಕ್ಸ್‌ಎಂಎಲ್ ಪಾರ್ಸರ್ ಅಲ್ಲೇ ನಿಲ್ಲುತ್ತದೆ. ಹೋಗುವುದು ಆ ಒಂದು ನಮೂದಲ್ಲ, ಇಡೀ ಫೀಡ್. ಸಂಕೇತದ ಲೆಕ್ಕದಲ್ಲಿ ಕತ್ತರಿಸಿದರೆ ಫೀಡ್ ಉಳಿಯುತ್ತದೆ, ಆದರೆ ‘ಕನ್ನಡ’ ‘ಕನ್’ ಆಗುತ್ತದೆ. ಪದಗಳ ನಡುವಿನ ಖಾಲಿ ಜಾಗದಲ್ಲೇ ಕತ್ತರಿಸಬೇಕು.

ಇಡೀ ಫೀಡನ್ನು ಉರುಳಿಸುವ ಇನ್ನೂ ಎರಡು ಸಂಗತಿ. ಒಂದು, ಎಚ್‌ಟಿಎಂಎಲ್‌ನಲ್ಲಿ ನಡೆಯುವ ‘ಎನ್‌ಬಿಎಸ್‌ಪಿ’ ಎಂಬ ಹೆಸರಿನ ಖಾಲಿ ಜಾಗ ಎಕ್ಸ್‌ಎಂಎಲ್‌ಗೆ ಗೊತ್ತೇ ಇಲ್ಲ. ಎರಡು, ಡಿಟಿಪಿ ಕಡತದಿಂದ ನಕಲು ಮಾಡಿದ ಪಠ್ಯದ ಜತೆ ಬರುವ, ಕಣ್ಣಿಗೆ ಕಾಣದ ನಿಯಂತ್ರಣ ಸಂಕೇತಗಳು. ಟ್ಯಾಬ್ ಮತ್ತು ಸಾಲು ಮುರಿಯುವ ಎರಡು ಸಂಕೇತ ಬಿಟ್ಟರೆ 32ಕ್ಕಿಂತ ಕೆಳಗಿನ ಯಾವುದನ್ನೂ ಎಕ್ಸ್‌ಎಂಎಲ್ 1.0 ಒಪ್ಪುವುದಿಲ್ಲ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸದೆ ಹಾಕಿದರೆ ಫೀಡ್ ಬೀಳುವುದಿಲ್ಲವಾದರೂ ಓದುಗರಿಗೆ ಸಿಗುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ‘ಯಾವ ಫಾಂಟ್’ ಎಂದು ಹೇಳುವ ಎಲಿಮೆಂಟ್ ಬೇಕೆನ್ನುವುದು ಇದಕ್ಕೆ ಪರಿಹಾರವಲ್ಲ. ಅದನ್ನು ಓದುವ ಪ್ರೋಗ್ರಾಂ ಯಾವುದೂ ಇಲ್ಲ.

ಇದ್ದೂ ಇಲ್ಲದಂತಾದವು

ಆರ್‌ಎಸ್‌ಎಸ್ 2.0ರ ‘ಟೆಕ್ಸ್ಟ್‌ಇನ್‌ಪುಟ್’ ಬಗ್ಗೆ ಅದರ ನಿಯಮಾವಳಿಯೇ ‘ಇದರ ಉದ್ದೇಶ ಒಂದು ನಿಗೂಢ’ ಎಂಬರ್ಥದಲ್ಲಿ ಮಾತಾಡುತ್ತದೆ, ಬಹುಪಾಲು ರೀಡರ್‌ಗಳು ಕಡೆಗಣಿಸುತ್ತವೆ ಎಂದೂ ಸೇರಿಸುತ್ತದೆ. ‘ರೇಟಿಂಗ್’ ಈಗ ಬಳಕೆಯಲ್ಲೇ ಇಲ್ಲದ ಪಿಐಸಿಎಸ್ ಎಂಬ, ಪುಟ ಯಾರಿಗೆ ತಕ್ಕದ್ದು ಎಂದು ಗುರುತಿಸುವ ವ್ಯವಸ್ಥೆಗೆ ಕಟ್ಟಿದ್ದು. ‘ಸ್ಕಿಪ್‌ಅವರ್ಸ್’ ನೋಡಿ: ಯಾವ ಗಂಟೆಗಳಲ್ಲಿ ಫೀಡ್ ಕೇಳಲು ಬರಬೇಡಿ ಎಂದು ಹೇಳುವ ಜಾಗ, ಆದರೆ ಜಿಎಂಟಿಯ ಪೂರ್ತಿ ಗಂಟೆಗಳಲ್ಲೇ ಹೇಳಬೇಕು. ಬೆಂಗಳೂರಿನ ಸುದ್ದಿಮನೆ ರಾತ್ರಿ 1ರಿಂದ 5ರವರೆಗೆ ಮಲಗುತ್ತದೆ ಎಂದರೆ ಜಿಎಂಟಿಯಲ್ಲಿ ಅದು 19.30ರಿಂದ 23.30. ಪೂರ್ತಿ ಗಂಟೆಗೆ ಒಗ್ಗುವುದು 20, 21, 22 ಮಾತ್ರ, ಎರಡು ತುದಿಯ ಅರ್ಧರ್ಧ ಗಂಟೆ ಹೊರಗೆ. ಅರ್ಧ ಗಂಟೆಯ ಕಾಲವಲಯದವರು ಆ ಮೇಜಿನ ಸುತ್ತ ಇರಲಿಲ್ಲ ಎಂದು ಇದರಿಂದಲೇ ಗೊತ್ತಾಗುತ್ತದೆ. ತಂದ ಫೀಡನ್ನು ಎಷ್ಟು ನಿಮಿಷ ಇಟ್ಟುಕೊಳ್ಳಬಹುದು ಎಂದು ‘ಟಿಟಿಎಲ್’ ಹೇಳುವುದನ್ನು ಸರ್ವರ್‌ನ ಉತ್ತರದ ಜತೆ ಬರುವ ಎಚ್‌ಟಿಟಿಪಿ ಹೆಡರ್‌ಗಳು ಇನ್ನೂ ಚೆನ್ನಾಗಿ ಹೇಳುತ್ತವೆ, ‘ಏನೂ ಬದಲಾಗಿಲ್ಲ’ ಎಂಬ 304 ಉತ್ತರವೂ ಅಲ್ಲೇ ಇದೆ. ಕೆಳಗಿನ ಪದರ ಆಗಲೇ ಮಾಡುತ್ತಿರುವ ಕೆಲಸಕ್ಕೆ ಫೀಡ್‌ನಲ್ಲಿ ಮತ್ತೆ ಜಾಗ ಕೊಟ್ಟರೆ, ಎರಡೂ ಬೇರೆ ಬೇರೆ ಹೇಳಿದಾಗ ಯಾವುದನ್ನು ನಂಬುವುದು ಎಂಬ ಹೊಸ ಜಗಳ ಶುರು.

ಲೇಖಕರ ಎಲಿಮೆಂಟ್ ಸತ್ತದ್ದು ಬೇರೆ ಕಾರಣಕ್ಕೆ. ಆರ್‌ಎಸ್‌ಎಸ್ ಅಲ್ಲಿ ಕೇಳುವುದು ಇಮೇಲ್ ವಿಳಾಸ. ಸ್ಪ್ಯಾಮ್‌ಗೆ ಹೆದರಿ ಯಾರೂ ನಿಜವಾದದ್ದನ್ನು ಕೊಡುವುದಿಲ್ಲ, ಬರೀ ಹೆಸರು ಬರೆದರೆ ಫೀಡ್ ಪರೀಕ್ಷಿಸುವ ವ್ಯಾಲಿಡೇಟರ್ ಬೈಯುತ್ತದೆ. ಎಲ್ಲರೂ ಡಬ್ಲಿನ್ ಕೋರ್‌ನ ‘ಕ್ರಿಯೇಟರ್’ಗೆ ಹೋದರು. ಆಟಮ್ ಒಂದೇ ‘ಹೆಸರು’ ಎಂದು ಕೇಳಿದ್ದು ಜಾಣತನ. ಮೊದಲ ಹೆಸರು, ಕುಟುಂಬದ ಹೆಸರು ಎಂದು ಒಡೆದಿದ್ದರೆ ಊರಿನ, ತಂದೆಯ ಇನಿಷಿಯಲ್ ಮುಂದಿಟ್ಟುಕೊಳ್ಳುವ ನಮ್ಮವರು ಯಾವ ಡಬ್ಬಿಗೆ ಏನು ತುಂಬಬೇಕಿತ್ತು?

ಕಡಿಮೆ ಮಾಡಿದ್ದೂ ಹೊಡೆತ ಕೊಟ್ಟಿದೆ. ಆರ್‌ಎಸ್‌ಎಸ್‌ನಲ್ಲಿ ಚಾನೆಲ್‌ಗೆ ಚಿತ್ರವಿದೆ (ಅಗಲ 144 ಪಿಕ್ಸೆಲ್ ಮೀರಬಾರದು), ನಮೂದಿಗೆ ಇಲ್ಲ. ಹಾಗಾಗಿ ಒಬ್ಬರು ಯಾಹೂ ತಂದ ಮೀಡಿಯಾ ಆರ್‌ಎಸ್‌ಎಸ್‌ನ ಥಂಬ್‌ನೇಲ್ ಬಳಸಿದರು, ಇನ್ನೊಬ್ಬರು ಕಡತ ಜೋಡಿಸುವ ಎನ್‌ಕ್ಲೋಷರ್‌ನಲ್ಲಿ ಜೆಪೆಗ್ ತುರುಕಿದರು, ಮಿಕ್ಕವರು ಲೇಖನದ ಒಳಗೇ ಬಿಟ್ಟರು. ಇವತ್ತಿಗೂ ರೀಡರ್ ಬರೆಯುವವರು ಈ ಮೂರನ್ನೂ ಒಂದಾದ ಮೇಲೊಂದು ತಡಕಬೇಕು. ಶೀರ್ಷಿಕೆಯಲ್ಲಿ ಇರುವುದು ಸಾದಾ ಪಠ್ಯವೋ ಎಚ್‌ಟಿಎಂಎಲ್ಲೋ ಎಂದು ಹೇಳುವ ಜಾಗವನ್ನೂ ಆರ್‌ಎಸ್‌ಎಸ್ ಬಿಟ್ಟಿತು. ಆಟಮ್‌ನ ‘ಟೈಪ್’ ಗುಣ ಒಂದೇ ಪದದಲ್ಲಿ ಅದನ್ನು ಮುಗಿಸಿತು.

ಸುಳ್ಳು ತುಂಬುವ ವಿಷಯಕ್ಕೆ ಕೀವರ್ಡ್‌ಗಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ವೆಬ್ ಪುಟಗಳ ಕೀವರ್ಡ್ ಟ್ಯಾಗನ್ನು ಶ್ರೇಯಾಂಕಕ್ಕೆ ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿತು, ಪಾಡ್‌ಕಾಸ್ಟ್‌ಗಳ (ಇವು ಬರುವುದೂ ಆರ್‌ಎಸ್‌ಎಸ್ ಫೀಡ್‌ನಲ್ಲೇ) ಕೀವರ್ಡ್ ಎಲಿಮೆಂಟನ್ನು ಆಪಲ್ ಕೂಡ ಕೈಬಿಟ್ಟಿತು. ತುಂಬಿದವರಿಗೆ ಲಾಭ, ಓದಿದವರಿಗೆ ಮೋಸ ಎನ್ನುವ ಜಾಗ ಕಸದಿಂದ ತುಂಬುತ್ತದೆ. ಓದುವವರು ಬಲವಾಗಿದ್ದರೆ ಚಿತ್ರ ಬೇರೆ: 2005ರ ಜೂನ್‌ನಲ್ಲಿ ಐಟ್ಯೂನ್ಸ್ 4.9 ಪಾಡ್‌ಕಾಸ್ಟ್‌ಗಳನ್ನು ಒಳಗೆ ತಂದಾಗ ಆಪಲ್‌ನ ಟ್ಯಾಗ್‌ಗಳು ಯಾವ ಸಮಿತಿಯ ಒಪ್ಪಿಗೆಯೂ ಇಲ್ಲದೆ ಕಡ್ಡಾಯದಂತಾದವು. ಪಟ್ಟಿಯಲ್ಲಿ ಚೆನ್ನಾಗಿ ಕಾಣಿಸಿಕೊಳ್ಳಲು ಅವು ಬೇಕಿತ್ತು.

ಹಕ್ಕುಗಳ ವಿಷಯ ಈಗ ಬಿಸಿಯಾಗಿದೆ. ಆರ್‌ಎಸ್‌ಎಸ್‌ನ ‘ಕಾಪಿರೈಟ್’, ಆಟಮ್‌ನ ‘ರೈಟ್ಸ್’ ಎರಡೂ ಮನುಷ್ಯರು ಓದುವ ಸಾಲುಗಳು. ಎಐ ಮಾದರಿಗಳಿಗೆ ಪಠ್ಯ ಬಾಚುವ ಪ್ರೋಗ್ರಾಂ ಅವನ್ನು ಓದಿ ಬೇರೇನೂ ಮಾಡುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಆರ್‌ಎಸ್‌ಎಲ್, ಅನುಮತಿ ಮತ್ತು ಹಣದ ಷರತ್ತುಗಳನ್ನು ಯಂತ್ರಕ್ಕೆ ಅರ್ಥವಾಗುವಂತೆ ಬರೆಯುವ ಪ್ರಯತ್ನ. ಮೊದಲ ಪ್ರಶ್ನೆಗೂ ಮೂರನೆಯದಕ್ಕೂ ಅದರ ಬಳಿ ಉತ್ತರವಿದೆ. ಎರಡನೆಯದು ಬಾಚುವವರ ಕೈಯಲ್ಲಿದೆ. ಅವರು ಓದಲು ಶುರುಮಾಡುವವರೆಗೆ ಅದು ನೇಮ್‌ಸ್ಪೇಸ್‌ನಲ್ಲೇ ಇರಲಿ. ಪಾಡ್‌ಕಾಸ್ಟ್‌ನ ಮಾತನ್ನು ಬರಹದಲ್ಲಿ ಕೊಡುವ ‘ಟ್ರಾನ್ಸ್‌ಕ್ರಿಪ್ಟ್’ ಟ್ಯಾಗ್ ಮಾತ್ರ ಕನ್ನಡಕ್ಕೆ ಕೂಡಲೇ ಬೇಕಾದದ್ದು. ಆಪಲ್ 2024ರ ಮಾರ್ಚ್‌ನಲ್ಲಿ ತಾನಾಗಿ ಪಠ್ಯ ಮಾಡಿಕೊಡಲು ಶುರುಮಾಡಿದಾಗ ಇದ್ದದ್ದು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್, ಜರ್ಮನ್. ಕನ್ನಡದ ಕಂತಿಗೆ ಪಠ್ಯ ಜೋಡಿಸುವವರು ಕಡತದ ವಿಳಾಸ, ಅದರ ಬಗೆ ಮತ್ತು ಭಾಷಾ ಕೋಡ್ ಮೂರನ್ನೂ ಆ ಟ್ಯಾಗ್‌ನಲ್ಲಿ ಕೊಡಬಹುದು.

ಮತ್ತೆ ಕರೆಂಟಿಗೆ

ನಿಲುಗಡೆಯ ಸಮಯಕ್ಕೆ ಹೊಸ ಎಲಿಮೆಂಟ್ ಬೇಕೇ ಎಂಬ ಪ್ರಶ್ನೆಗೆ ಈಗ ಬರಬಹುದು. ಘಟನೆಯ ಆರಂಭ, ಅಂತ್ಯ, ಸ್ಥಳ ಹೇಳುವ ಮಾಡ್ಯೂಲ್ ಆರ್‌ಎಸ್‌ಎಸ್ 1.0ರ ಕಾಲದಲ್ಲೇ ಬಂದಿತ್ತು. ತುಂಬುವವರಿಗೆ ಕಷ್ಟವಿರಲಿಲ್ಲ. ಅದನ್ನು ಓದಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವ ರೀಡರ್‌ಗಳು ಹುಟ್ಟಿಕೊಳ್ಳಲಿಲ್ಲ. ಇದೇ ಕೆಲಸಕ್ಕೆ ಪಳಗಿದ ಬೇರೆ ಫಾರ್ಮ್ಯಾಟ್‌ಗಳಿವೆ: ಕ್ಯಾಲೆಂಡರ್‌ಗೆ ಆರ್‌ಎಫ್‌ಸಿ 5545, ತುರ್ತು ಎಚ್ಚರಿಕೆಗೆ ಓಯಾಸಿಸ್ ಎಂಬ ಸಂಸ್ಥೆಯ ಸಿಎಪಿ 1.2. ಸಿಎಪಿಯಲ್ಲಿ ಆರಂಭ, ಮುಕ್ತಾಯ, ಪ್ರದೇಶದ ವಿವರಣೆ, ಬಹುಭುಜ, ‘ಇದು ಹೊಸದೋ, ತಿದ್ದುಪಡಿಯೋ, ರದ್ದೋ’ ಎಂಬುದಕ್ಕೂ ಜಾಗವಿದೆ. ಆದ್ದರಿಂದ ಹೊಸ ಎಲಿಮೆಂಟ್ ಬೇಡ. ಫೀಡ್‌ನ ನಮೂದಿನಲ್ಲಿ ಐಡಿ, ಶೀರ್ಷಿಕೆ, ಪ್ರಕಟವಾದ ಹೊತ್ತು, ಭಾಷೆ, ಪುಟದ ಕೊಂಡಿ ಇಟ್ಟು, ಕ್ಯಾಲೆಂಡರ್ ಕಡತವನ್ನು ಎನ್‌ಕ್ಲೋಷರ್ ಆಗಿ ಜೋಡಿಸಿದರೆ ಸಾಕು. ದಿನ, ಗಂಟೆ, ಬಡಾವಣೆಯ ಹೆಸರು ಶೀರ್ಷಿಕೆಯಲ್ಲೂ ಇರಲಿ. ಎಲ್ಲ ರೀಡರ್‌ಗಳೂ ತಪ್ಪದೆ ತೋರಿಸುವ ಜಾಗ ಅದೊಂದೇ.

ಬಡಾವಣೆಯನ್ನು ಕೆಟಗರಿಯಾಗಿಯೂ ಕೊಡುವುದಾದರೆ ಆಟಮ್‌ನ ಕ್ರಮ ಒಳ್ಳೆಯದು: ಯಂತ್ರಕ್ಕೆ ಬದಲಾಗದ ‘ಟರ್ಮ್’, ಜನಕ್ಕೆ ಕಾಣುವ ‘ಲೇಬಲ್’ ಬೇರೆ ಬೇರೆ. 2014ರ ನವೆಂಬರ್ 1ರಂದು ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತವೇ ಬದಲಾಯಿತು, 2025ರಲ್ಲಿ ಒಂದು ಪಾಲಿಕೆ ಇದ್ದಲ್ಲಿ ಐದಾದವು. ಲೇಬಲ್ ಬದಲಾದರೂ ಫಿಲ್ಟರ್ ಮುರಿಯಬಾರದು. ಫೀಡ್‌ಗೆ ಸ್ಥಳ ಸೇರಿಸುವ ಜಿಯೋ ಆರ್‌ಎಸ್‌ಎಸ್‌ನಲ್ಲಿ ಬಿಂದು ಕೊಡುವವರು ಅಕ್ಷಾಂಶ ಮೊದಲು ಬರೆಯಬೇಕು: 12.97, ಆಮೇಲೆ 77.59. ನಕ್ಷೆಗಳಿಗೆ ಬಳಸುವ ಜಿಯೋಜೇಸನ್ ಫಾರ್ಮ್ಯಾಟ್‌ನಲ್ಲಿ ಇದು ತಿರುಗುಮುರುಗು. ನಕಲು ಮಾಡುವಾಗ ಅದಲುಬದಲಾದರೆ ಮೆಜೆಸ್ಟಿಕ್‌ನ ಆಸುಪಾಸಿನ ನಿಲುಗಡೆ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಹಿಮಸಮುದ್ರದಲ್ಲಿ ಕಾಣುತ್ತದೆ.

ಉಳಿದದ್ದು ರದ್ದತಿ. ಮಂಗಳವಾರ ರಾತ್ರಿ ಕೆಲಸ ಮುಂದಕ್ಕೆ ಹೋಯಿತು ಎಂದುಕೊಳ್ಳಿ. ಆಟಮ್‌ನ ಶಾಸ್ತ್ರದಂತೆ ಅದೇ ಐಡಿ ಉಳಿಸಿ, ತಿದ್ದಿದ ಹೊತ್ತು ಬದಲಿಸಿ, ಶೀರ್ಷಿಕೆಯ ಮುಂದೆ ‘ರದ್ದು’ ಎಂದು ಸೇರಿಸಬೇಕು. ಆದರೆ ಆರ್‌ಎಸ್‌ಎಸ್ 2.0ರ ನಮೂದಿಗೆ ತಿದ್ದಿದ ಹೊತ್ತು ಹೇಳುವ ಎಲಿಮೆಂಟೇ ಇಲ್ಲ, ಒಮ್ಮೆ ಓದಿದ ಐಡಿಯನ್ನು ಬಹಳ ರೀಡರ್‌ಗಳು ಮತ್ತೆ ಮೇಲಕ್ಕೆ ತರುವುದೂ ಇಲ್ಲ. ಇಲ್ಲಿ ಶಾಸ್ತ್ರ ಬಿಡುವುದೇ ಸರಿ: ಹಳೆಯ ನಮೂದಿನ ಶೀರ್ಷಿಕೆಯನ್ನು ತಿದ್ದಿ, ಜತೆಗೆ ರದ್ದತಿಗೆ ಹೊಸ ಐಡಿಯ ಬೇರೆ ನಮೂದು ಕೊಟ್ಟು, ಅದರಲ್ಲಿ ಹಳೆಯದರ ಕೊಂಡಿ ಇಡಬೇಕು. ಕ್ಯಾಲೆಂಡರ್ ಕಡತದಲ್ಲಿ ಮಾತ್ರ ಹಳೆಯ ಗುರುತನ್ನೇ ಉಳಿಸಿಕೊಂಡು, ಅನುಕ್ರಮ ಸಂಖ್ಯೆಯನ್ನು ಒಂದು ಏರಿಸಿ, ಸ್ಥಿತಿಯನ್ನು ‘ರದ್ದಾಗಿದೆ’ ಎಂದು ಬದಲಿಸಬೇಕು. ಇಲ್ಲದಿದ್ದರೆ ಬುಧವಾರ ಮಿಕ್ಸಿ ಓಡುವುದಿಲ್ಲ ಎಂದು ದೋಸೆಹಿಟ್ಟನ್ನು ಹಿಂದಿನ ರಾತ್ರಿಯೇ ರುಬ್ಬಿಟ್ಟವರ ಫೋನ್, ಮರುದಿನ ಹತ್ತು ಗಂಟೆಗೆ ಸರಿಯಾಗಿ ಕರೆಂಟ್ ಹೋಯಿತೆಂದು ನೆನಪಿಸುತ್ತದೆ.